ಗಿಡಕ್ಕೆ ಯಾವ ಬಟ್ಟೆ, ಮಣ್ಣಿಗೆ ಯಾವ ಹೊದಿಕೆ?

ಪರೀಕ್ಷೆ ಮುಗಿಸಿ ಊರಿಗೆ ಹೋದವರಿಗೆ ಮನೆಯಲ್ಲಿ ಎದುರಾಗುವ ಮೊದಲ ಪ್ರಶ್ನೆ ಪ್ಲೇಸ್‌ಮೆಂಟಿನದು. ಹೊಲ ಇರುವ ಮನೆಯಾದರೆ ಎರಡನೆಯದು ಹೀಗಿರುತ್ತೆ: "ಮಲ್ಚಿಂಗ್ ಶೀಟು ಎಷ್ಟು ಮೈಕ್ರಾನಿಂದು ತರ್ಲಿ? ಅಂಗಡಿಯವನು ಎರಡು ಮೂರು ಥರ ತೋರಿಸ್ತಾನೆ. ನೀನು ಇಂಜಿನಿಯರಿಂಗ್ ಓದ್ತಿದ್ದೀಯಲ್ಲ, ಹೇಳು." ಇಲ್ಲಿ ಬಾಯಿ ಕಟ್ಟಿಹೋಗುವವರೇ ಹೆಚ್ಚು. ನಮ್ಮ ಸಿಲಬಸ್ಸಿನಲ್ಲಿ ಪಾಲಿಮರ್ ಇದೆ, ಹೀಟ್ ಟ್ರಾನ್ಸ್‌ಫರ್ ಇದೆ, ಫಿಲ್ಟರ್ ಇದೆ. ಈ ಮೂರೂ ಸೇರಿಕೊಂಡು ಒಂದೇ ಬಟ್ಟೆಯಾಗಿ ಹೊಲದಲ್ಲಿ ಹಾಸಿಕೊಂಡಿವೆ ಅನ್ನೋದನ್ನ ಮಾತ್ರ ಯಾರೂ ಹೇಳಿಕೊಡಲ್ಲ. ಹೊಲ ಇಲ್ಲದವರೂ ಇದನ್ನು ಬಿಡಬೇಕಿಲ್ಲ. ಹಾಸ್ಟೆಲ್ ತಾರಸಿಯ ಮೇಲೆ ಹತ್ತು ಕುಂಡ ಇಟ್ಟವರಿಗೂ ಇದೇ ಲೆಕ್ಕ.

ತೋಟದಲ್ಲಿ ಬಳಸುವ ಪ್ರತಿ ಬಟ್ಟೆಯೂ ಒಂದು ಫಿಲ್ಟರ್. ಬೆಳಕು, ನೀರು, ಗಾಳಿ, ಶಾಖ, ಹುಳ, ಇವುಗಳಲ್ಲಿ ಕೆಲವನ್ನು ಒಳಗೆ ಬಿಡುತ್ತೆ, ಕೆಲವನ್ನು ತಡೆಯುತ್ತೆ. ಎಲ್ಲವನ್ನೂ ತಡೆಯುವ ಬಟ್ಟೆ ಗಿಡವನ್ನೇ ಕೊಲ್ಲುತ್ತೆ. ಹಾಗಾಗಿ ಅಂಗಡಿಯಲ್ಲಿ "ಒಳ್ಳೇದು ಯಾವುದು" ಅಂತ ಕೇಳಿದರೆ ಉತ್ತರ ಸಿಗಲ್ಲ, ಇದ್ದುದರಲ್ಲಿ ದುಬಾರಿಯಾದದ್ದು ಸಿಗುತ್ತೆ. ನನಗೆ ಏನನ್ನು ತಡೆಯಬೇಕು, ಅದರ ಜೊತೆಗೆ ಬೇಡವೆಂದರೂ ಏನು ತಡೆದುಹೋಗುತ್ತೆ, ಕೊನೆಗೆ ಈ ಬಟ್ಟೆಯನ್ನು ಎತ್ತುವ ದಿನ ಅದು ಯಾವ ಸ್ಥಿತಿಯಲ್ಲಿರುತ್ತೆ ಅಂತ ಕೇಳಬೇಕು. ಮೂರನೇ ಪ್ರಶ್ನೆಯನ್ನು ಕೇಳೋರು ಕಡಿಮೆ. ಅದರಿಂದಲೇ ಶುರು ಮಾಡೋಣ.

ಮೈಕ್ರಾನ್ ಅಂದರೆ ಎತ್ತುವ ದಿನದ ಲೆಕ್ಕ

ನಮ್ಮ ಕಡೆ ಕಲ್ಲಂಗಡಿ, ಟೊಮೆಟೊ, ಮೆಣಸಿನಕಾಯಿ ಹೊಲಗಳಲ್ಲಿ ಬೆಳ್ಳಿ ಬಣ್ಣದಲ್ಲಿ ಹೊಳೆಯುವ ಸಾಲುಗಳನ್ನು ಬಸ್ಸಿನ ಕಿಟಕಿಯಿಂದ ಎಲ್ಲರೂ ನೋಡಿದ್ದೀವಿ. ಅದು ಹೆಚ್ಚಾಗಿ ಎಲ್‌ಎಲ್‌ಡಿಪಿಇ, ಅಂದರೆ ಪಾಲಿಥಿನ್ ಜಾತಿಯ ತೆಳು ಹಾಳೆ. ಮೇಲ್ಭಾಗ ಬೆಳ್ಳಿ, ಕೆಳಭಾಗ ಕಪ್ಪು. ಕಪ್ಪು ಭಾಗ ಮಣ್ಣಿಗೆ ಬೆಳಕು ಹೋಗದಂತೆ ತಡೆಯುತ್ತೆ, ಕಳೆಯ ಬೀಜ ಮೊಳೆತರೂ ಬದುಕಲ್ಲ. ಬೆಳ್ಳಿ ಭಾಗ ಬಿಸಿಲನ್ನು ವಾಪಸ್ ಕಳಿಸುತ್ತೆ, ಮಣ್ಣು ಕಾಯೋದು ಕಡಿಮೆಯಾಗುತ್ತೆ. ಎಲೆಯ ಕೆಳಗಿನಿಂದ ಚಿಮ್ಮುವ ಆ ಬೆಳಕಿಗೆ ಹೇನು, ಬಿಳಿನೊಣ, ಥ್ರಿಪ್ಸ್‌ನಂಥ ಕೀಟಗಳು ದಾರಿ ತಪ್ಪುತ್ತವೆ, ಗಿಡದ ಮೇಲೆ ಇಳಿಯೋದು ಕಡಿಮೆಯಾಗುತ್ತೆ. ಗಿಡ ಬೆಳೆದು ಹಾಳೆಯನ್ನು ಮುಚ್ಚಿದ ಮೇಲೆ ಈ ಲಾಭ ಮುಗೀತು ಅನ್ನೋದನ್ನೂ ನೆನಪಿಡಬೇಕು. ತಿರುವಿ ಹಾಸಿದರೆ, ಅಂದರೆ ಕಪ್ಪು ಮೇಲೆ ಬಂದರೆ, ಕಳೆಯೇನೋ ಸಾಯುತ್ತೆ. ಆದರೆ ಏಪ್ರಿಲ್ ಬಿಸಿಲಲ್ಲಿ ಹಾಳೆಗೆ ತಾಗಿದ ಎಲೆ ಸುಡುತ್ತೆ, ಸಸಿಯ ಸುತ್ತಲಿನ ತೂತಿನಿಂದ ಬಿಸಿಗಾಳಿ ಹೊಗೆಗೂಡಿನ ಹಾಗೆ ಮೇಲೇರಿ ಕಾಂಡವನ್ನೇ ಬಾಡಿಸುತ್ತೆ.

ನೀರಿನ ಲೆಕ್ಕ ಸುಲಭ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ನೀರು ಅಂದರೆ ಒಂದು ಲೀಟರ್. ಬರಿ ಮಣ್ಣಿನಿಂದ ದಿನಕ್ಕೆ 3 ಮಿಲಿಮೀಟರ್ ಆವಿಯಾಗಿ ಹೋಗುತ್ತಿದ್ದರೆ, 100 ಚದರ ಮೀಟರಿಗೆ ದಿನಕ್ಕೆ 300 ಲೀಟರ್ ಯಾರಿಗೂ ಉಪಯೋಗವಿಲ್ಲದೆ ಹಾರಿಹೋಯಿತು. ಹಾಳೆ ತಡೆಯೋದು ಇದನ್ನು. ಎಲೆಯ ಮೂಲಕ ಗಿಡ ಬಿಡುವ ನೀರನ್ನು ಅದು ತಡೆಯಲ್ಲ, ತಡೆಯಲೂಬಾರದು. ಆದರೆ ಒಳಗಿನ ನೀರನ್ನು ಹೊರಗೆ ಬಿಡದ ಹಾಳೆ ಹೊರಗಿನ ಮಳೆಯನ್ನೂ ಒಳಗೆ ಬಿಡಲ್ಲ. ಕೆಳಗೆ ಡ್ರಿಪ್ ಪೈಪ್ ಎಳೆಯದೆ, ಮಳೆ ನಂಬಿಕೊಂಡು ಪ್ಲಾಸ್ಟಿಕ್ ಹಾಸೋದು ಅಂದರೆ ಬೆಳೆಗೆ ರೈನ್‌ಕೋಟ್ ಹಾಕಿ ನೀರು ಕುಡಿ ಅಂದ ಹಾಗೆ.

ಈಗ ಮೈಕ್ರಾನ್. ತರಕಾರಿಗೆ ನಮ್ಮಲ್ಲಿ ಸಾಮಾನ್ಯವಾಗಿ ಬಳಸೋದು 25 ಅಥವಾ 30 ಮೈಕ್ರಾನ್. ಅದಕ್ಕಿಂತ ತೆಳುವಾದದ್ದೂ ಅಂಗಡಿಯಲ್ಲಿದೆ, ಬೆಲೆ ಕಡಿಮೆ. ಒಂದು ಎಕರೆಗೆ ಎಷ್ಟು ಪ್ಲಾಸ್ಟಿಕ್ ಬೀಳುತ್ತೆ ನೋಡೋಣ. ಸಾಲಿನಿಂದ ಸಾಲಿಗೆ 1.5 ಮೀಟರ್ ಇಟ್ಟರೆ ಎಕರೆಗೆ, ಅಂದರೆ 4047 ಚದರ ಮೀಟರಿಗೆ, ಸುಮಾರು 2700 ಮೀಟರ್ ಸಾಲು. ಹಾಳೆಯ ಅಗಲ 1.2 ಮೀಟರ್. ಉದ್ದ, ಅಗಲ, ದಪ್ಪ ಗುಣಿಸಿ, ಸಾಂದ್ರತೆ ಘನ ಮೀಟರಿಗೆ 920 ಕೆ.ಜಿ. ಅಂತ ಹಿಡಿದರೆ 25 ಮೈಕ್ರಾನಿಗೆ ಹತ್ತಿರ ಹತ್ತಿರ 75 ಕೆ.ಜಿ. ಬರುತ್ತೆ. 10 ಮೈಕ್ರಾನಿಗೆ 30 ಕೆ.ಜಿ. ಹಾಳೆಯನ್ನು ಮಾರೋದು ರೋಲಿನ ಲೆಕ್ಕದಲ್ಲಿ, ಅದರ ಖರ್ಚೆಲ್ಲ ಇರೋದು ತೂಕದಲ್ಲಿ. ಹಾಗಾಗಿ ರೋಲನ್ನು ತಕ್ಕಡಿಗೆ ಹಾಕಿಸಿ. 400 ಮೀಟರ್ ಉದ್ದ, 1.2 ಮೀಟರ್ ಅಗಲ, 25 ಮೈಕ್ರಾನಿನ ರೋಲು 11 ಕೆ.ಜಿ. ಆಸುಪಾಸು ತೂಗಬೇಕು. 8 ಕೆ.ಜಿ. ಬಂದರೆ ಅದು 25 ಅಲ್ಲ, ಡಬ್ಬಿಯ ಮೇಲೆ ಏನೇ ಬರೆದಿರಲಿ. ಮೈಕ್ರೋಮೀಟರ್ ಸ್ಕ್ರೂಗೇಜ್ ಬೇಕಾಗಿಯೇ ಇಲ್ಲ.

30 ಕೆ.ಜಿ.ಯಲ್ಲಿ ಮುಗಿಯೋ ಕೆಲಸಕ್ಕೆ 75 ಕೆ.ಜಿ. ಯಾಕೆ ಅಂತ ಅನಿಸಬಹುದು. ಪರಿಸರದ ದೃಷ್ಟಿಯಿಂದಲೂ ಕಡಿಮೆ ಪ್ಲಾಸ್ಟಿಕ್ ಒಳ್ಳೇದಲ್ವಾ? ಇಲ್ಲೇ ಲೆಕ್ಕ ತಿರುಗೋದು. ನಾಲ್ಕೈದು ತಿಂಗಳು ಬಿಸಿಲು ತಿಂದ 10 ಮೈಕ್ರಾನ್ ಹಾಳೆಯನ್ನು ಎಳೆದರೆ ಅದು ಬರಲ್ಲ, ಹರಿಯುತ್ತೆ. ಚೂರುಗಳು ನೇಗಿಲಿಗೆ ಸಿಕ್ಕಿ ಇನ್ನೂ ಸಣ್ಣ ಚೂರಾಗಿ ಮಣ್ಣಿಗೆ ಸೇರುತ್ತವೆ. ಮುಂದಿನ ವರ್ಷ ಇನ್ನೊಂದು 30 ಕೆ.ಜಿ. ಚೀನಾದಲ್ಲಿ ಆದದ್ದು ಇದೇ. ಅಲ್ಲಿ ದಶಕಗಳ ಕಾಲ 8 ಮೈಕ್ರಾನಿನ ಹಾಳೆ ಹಾಸಿದರು. ಷಿನ್‌ಜಿಯಾಂಗ್‌ನ ಹತ್ತಿ ಹೊಲಗಳ ಮಣ್ಣಿನಲ್ಲಿ ಪ್ಲಾಸ್ಟಿಕ್ ಚೂರು ಎಷ್ಟು ತುಂಬಿತೆಂದರೆ ಅದಕ್ಕೆ 'ಬಿಳಿ ಮಾಲಿನ್ಯ' ಅಂತಲೇ ಹೆಸರು ಬಿತ್ತು. ಬೇರು ಇಳಿಯಲ್ಲ, ನೀರು ಸಮವಾಗಿ ಹರಡಲ್ಲ. 2017ರಲ್ಲಿ ಅವರು ತಮ್ಮ ರಾಷ್ಟ್ರೀಯ ಮಾನದಂಡ ಬದಲಿಸಿ ಕನಿಷ್ಠ ದಪ್ಪವನ್ನು 10 ಮೈಕ್ರಾನಿಗೆ ಏರಿಸಬೇಕಾಯಿತು. ದಪ್ಪ ಹೆಚ್ಚಿಸಿದ್ದು ಬೆಳೆ ಚೆನ್ನಾಗಿ ಬರಲಿ ಅಂತಲ್ಲ, ಹಾಳೆಯನ್ನು ವಾಪಸ್ ಎತ್ತೋಕೆ ಆಗಲಿ ಅಂತ.

ಆದ್ದರಿಂದ ನಮ್ಮ ಅಭಿಪ್ರಾಯ ಸ್ಪಷ್ಟವಾಗಿದೆ. ಮೂರು ನಾಲ್ಕು ತಿಂಗಳ ತರಕಾರಿಗೆ 25ಕ್ಕಿಂತ ಕೆಳಗೆ ಇಳಿಯಬೇಡಿ, ಅದೇ ಸಾಲಿನಲ್ಲಿ ಎರಡನೇ ಬೆಳೆ ತೆಗೆಯೋದಿದ್ದರೆ 30 ತನ್ನಿ. ಎತ್ತೋ ಕೂಲಿಯ ಖರ್ಚನ್ನು ತರುವ ದಿನವೇ ಲೆಕ್ಕಕ್ಕೆ ಸೇರಿಸಿ. ಕೊಯ್ಲು ಮುಗಿದ ಕೂಡಲೇ, ಟ್ರ್ಯಾಕ್ಟರ್ ಇಳಿಯೋಕೆ ಮುಂಚೆ, ಮಣ್ಣು ಸ್ವಲ್ಪ ಹಸಿಯಿದ್ದಾಗ ಅಂಚಿನ ಮಣ್ಣು ಬಿಡಿಸಿ, ಒಂದು ತುದಿಯಿಂದ ಸುರುಳಿ ಸುತ್ತಿಕೊಂಡು ಬಂದರೆ ಹಾಳೆ ಪೂರ್ತಿ ಬರುತ್ತೆ. ಮಣ್ಣು ಕೊಡವಿ ಒಣಗಿಸಿ ಕೊಟ್ಟರೆ ಗುಜರಿಯವರು ತಗೊಳ್ಳುವ ಸಾಧ್ಯತೆ ಇದೆ. ಮಣ್ಣು ಮೆತ್ತಿದ್ದನ್ನು ಯಾರೂ ಮುಟ್ಟಲ್ಲ. ಹೊಲದ ಬದುವಿನಲ್ಲಿ ಸುಡೋದಂತೂ ಬೇಡವೇ ಬೇಡ.

"ತಾನಾಗೇ ಕರಗುವ ಪ್ಲಾಸ್ಟಿಕ್" ಅಂತ ಹೇಳಿ ಮಾರುವುದರಲ್ಲಿ ಎರಡು ಜಾತಿ. ಒಂದು, ಸಾಮಾನ್ಯ ಪಾಲಿಥಿನ್‌ಗೆ ಏನೋ ಬೆರೆಸಿ ಬೇಗ ಚೂರಾಗುವಂತೆ ಮಾಡಿದ್ದು. ಅದು ಕರಗಲ್ಲ, ಕಣ್ಣಿಗೆ ಕಾಣದ ಹಾಗೆ ಪುಡಿಯಾಗುತ್ತೆ ಅಷ್ಟೆ. ಇನ್ನೊಂದು, ಮಣ್ಣಿನ ಸೂಕ್ಷ್ಮಜೀವಿಗಳು ನಿಜವಾಗಿ ತಿಂದು ಮುಗಿಸುವಂಥದ್ದು. ಇದಕ್ಕೆ ಯುರೋಪಿನಲ್ಲಿ 2018ರಿಂದ ಇಎನ್ 17033 ಅನ್ನೋ ಮಾನದಂಡ ಇದೆ. ಪ್ರಯೋಗಾಲಯದ ಮಣ್ಣಿನಲ್ಲಿ ಎರಡು ವರ್ಷದೊಳಗೆ ಶೇ. 90ರಷ್ಟು ಜೈವಿಕವಾಗಿ ವಿಘಟನೆಯಾಗಬೇಕು ಅಂತ ಅದು ಹೇಳುತ್ತೆ. ಪೊಟ್ಟಣದ ಮೇಲೆ ಬರಿ ಹಸಿರು ಎಲೆಯ ಚಿತ್ರ ಇದ್ದು ಮಾನದಂಡದ ಸಂಖ್ಯೆ ಇಲ್ಲದಿದ್ದರೆ ಮೊದಲ ಜಾತಿ ಅಂತಲೇ ತಿಳಿಯಿರಿ.

ಪಾರದರ್ಶಕ ಹಾಳೆಯ ತಮಾಷೆ

ವೈವಾದಲ್ಲಿ ಕೇಳಬಹುದಾದ ಪ್ರಶ್ನೆ: ಕಪ್ಪು ಹಾಳೆ, ಪಾರದರ್ಶಕ ಹಾಳೆ, ಇವೆರಡರಲ್ಲಿ ಯಾವುದರ ಕೆಳಗೆ ಮಣ್ಣು ಹೆಚ್ಚು ಕಾಯುತ್ತೆ? ಕಪ್ಪು ಅಂತ ಹೇಳಿದವರೇ ಜಾಸ್ತಿ ಇರುತ್ತಾರೆ. ನಿಜಕ್ಕೂ ಪಾರದರ್ಶಕ. ಕಪ್ಪು ಹಾಳೆ ಬಿಸಿಲನ್ನು ತಾನೇ ಹೀರಿ ಬಿಸಿಯಾಗುತ್ತೆ, ಅದರ ದೊಡ್ಡ ಪಾಲನ್ನು ಮೇಲಿನ ಗಾಳಿಗೆ ಕೊಟ್ಟುಬಿಡುತ್ತೆ. ಹಾಳೆಗೂ ಮಣ್ಣಿಗೂ ನಡುವೆ ಗಾಳಿಯ ಪದರ ಇದ್ದರಂತೂ ಕೆಳಕ್ಕೆ ಇಳಿಯೋದು ಇನ್ನೂ ಕಡಿಮೆ. ಪಾರದರ್ಶಕ ಹಾಳೆ ಬಿಸಿಲನ್ನು ನೇರ ಮಣ್ಣಿಗೆ ಬಿಡುತ್ತೆ. ಹಾಳೆಯ ಒಳಮೈಗೆ ಕಟ್ಟುವ ನೀರಿನ ಹನಿಗಳು ಮಣ್ಣಿನಿಂದ ಹೊರಡುವ ಶಾಖವನ್ನು ಅಲ್ಲೇ ಹಿಡಿಯುತ್ತವೆ.

ಇದನ್ನೇ ಆಯುಧ ಮಾಡಿಕೊಂಡವರು ಇಸ್ರೇಲಿನ ಯಾಕೋವ್ ಕಟಾನ್ ಮತ್ತು ಸಂಗಡಿಗರು. ಒದ್ದೆ ಮಣ್ಣಿನ ಮೇಲೆ ಕಡುಬೇಸಿಗೆಯಲ್ಲಿ ಪಾಲಿಥಿನ್ ಹಾಳೆ ಹೊದಿಸಿ, ಬೇರಿಗೆ ರೋಗ ತರುವ ಶಿಲೀಂಧ್ರಗಳನ್ನು ಶಾಖದಿಂದಲೇ ಕೊಲ್ಲಬಹುದು ಅಂತ 1976ರಲ್ಲಿ ಪ್ರಕಟಿಸಿದರು. ಮಣ್ಣಿನ ಸೌರೀಕರಣ ಅಂತ ಈಗ ಇದಕ್ಕೆ ಹೆಸರು. ನಮ್ಮ ರಾಯಚೂರು, ಕಲಬುರಗಿ, ಬಳ್ಳಾರಿ ಕಡೆಯ ಏಪ್ರಿಲ್-ಮೇ ಬಿಸಿಲು ಇದಕ್ಕೆ ಹೇಳಿ ಮಾಡಿಸಿದ್ದು. ಸಸಿಮಡಿಯನ್ನು ಚೆನ್ನಾಗಿ ನೆನೆಸಿ, ತೆಳು ಪಾರದರ್ಶಕ ಹಾಳೆ ಬಿಗಿಯಾಗಿ ಹಾಸಿ, ಅಂಚಿಗೆಲ್ಲ ಮಣ್ಣು ಮುಚ್ಚಿ ನಾಲ್ಕರಿಂದ ಆರು ವಾರ ಬಿಟ್ಟರೆ ಸಾಕು. ಜೇಕಿನ ಗಡ್ಡೆಗೆ ಮಾತ್ರ ಇದು ಪೂರ್ತಿ ಉತ್ತರವಲ್ಲ. ಜೇಕಿನ ಮೊಳಕೆ ಸೂಜಿಯಂಥದ್ದು. ಹಾಸಿದ ಪ್ಲಾಸ್ಟಿಕ್ಕನ್ನೇ ಚುಚ್ಚಿಕೊಂಡು ಮೇಲೆ ಬರುವುದನ್ನು ನೋಡಿದರೆ ಮರ್ಯಾದೆ ಕೊಡಬೇಕು ಅನಿಸುತ್ತೆ.

ನೆರಳು ಬಲೆ: ಫೋನಿನಲ್ಲೇ ಅಳೆಯಿರಿ

ನೆರಳು ಬಲೆಗೆ 35, 50, 75, 90 ಅಂತ ಸಂಖ್ಯೆ ಇರುತ್ತೆ. ಇದು ತಡೆಯುವ ಬೆಳಕಿನ ಶೇಕಡಾವಾರು, ಬಿಡುವ ಬೆಳಕಿನದಲ್ಲ. ಇಷ್ಟು ಗೊತ್ತಿದ್ದರೆ ಅರ್ಧ ತಪ್ಪು ತಪ್ಪುತ್ತೆ. ಬೇಸಿಗೆಯಲ್ಲಿ ಕೊತ್ತಂಬರಿ, ಪಾಲಕ್, ಹೊಸ ಸಸಿಗಳಿಗೆ 35 ಅಥವಾ 50 ಸಾಕು. ಆಂಥೂರಿಯಂನಂಥ ಕಾಡಿನ ನೆರಳಿನ ಗಿಡಗಳಿಗೆ 75. ಟೊಮೆಟೊ, ಬೆಂಡೆ, ಮೆಣಸಿನಕಾಯಿಗೆ 75ರ ಬಲೆ ಕಟ್ಟಿದರೆ ಗಿಡ ಉದ್ದುದ್ದ ಸೊರಗಿ ಬೆಳೆಯುತ್ತೆ, ಕಾಯಿ ಕಟ್ಟಲ್ಲ. ತಾರಸಿಯವರು ಮಾಡುವ ತಪ್ಪುಗಳಲ್ಲಿ ಇದೇ ದೊಡ್ಡದು. ಬಿಸಿಲು ಜೋರು ಅಂತ ನಮಗೆ ಅನಿಸಿದ ಮಾತ್ರಕ್ಕೆ ಗಿಡಕ್ಕೂ ಹಾಗೇ ಅನಿಸಬೇಕಿಲ್ಲ.

ಬರೆದ ಸಂಖ್ಯೆ ನಿಜವೋ ಅಂತ ನೋಡಲು ಫೋನಿನ ಬೆಳಕಿನ ಸೆನ್ಸರ್ ಸಾಕು. ಸಾಮಾನ್ಯವಾಗಿ ಅದು ಸೆಲ್ಫಿ ಕ್ಯಾಮೆರಾದ ಪಕ್ಕದಲ್ಲಿರುತ್ತೆ. ಮೋಡವಿಲ್ಲದ ಮಧ್ಯಾಹ್ನ ಒಂದು ಲಕ್ಸ್ ಮೀಟರ್ ಆ್ಯಪ್ ತೆರೆದು ಬಯಲಲ್ಲಿ ಒಂದು ಸಲ, ಬಲೆಯ ಕೆಳಗೆ ಒಂದು ಸಲ, ಒಂದೇ ನಿಮಿಷದೊಳಗೆ ಅಳೆಯಿರಿ. ಬಯಲಿನ ಬಿಸಿಲು ಒಂದು ಲಕ್ಷ ಲಕ್ಸ್ ಹತ್ತಿರ ಇರೋದರಿಂದ ಕೆಲವು ಸೆನ್ಸರ್‌ಗಳು ಗರಿಷ್ಠಕ್ಕೆ ಹೋಗಿ ನಿಂತುಬಿಡುತ್ತವೆ. ಹಾಗಾದರೆ ಎರಡೂ ಸಲ ಸೆನ್ಸರ್ ಮೇಲೆ ಅದೇ ಬಿಳಿ ಕಾಗದದ ಚೂರು ಇಡಿ. ನಮಗೆ ಬೇಕಾದದ್ದು ಅನುಪಾತ, ಸಂಖ್ಯೆ ಅಲ್ಲ.

ಒಂದು ಎಚ್ಚರಿಕೆ. ಲಕ್ಸ್ ಅನ್ನೋದು ಮನುಷ್ಯನ ಕಣ್ಣಿಗೆ ಹೊಂದಿಸಿದ ಅಳತೆ, ನಮ್ಮ ಕಣ್ಣಿಗೆ ಹಸಿರು ಹೆಚ್ಚು ಕಾಣುತ್ತೆ. ಹಸಿರು ಬಲೆ ಹಸಿರು ಬೆಳಕನ್ನು ಧಾರಾಳವಾಗಿ ಬಿಟ್ಟು, ಗಿಡ ಹೆಚ್ಚಾಗಿ ಹೀರುವ ಕೆಂಪು, ನೀಲಿಯನ್ನು ಹೆಚ್ಚು ತಡೆಯುತ್ತೆ. ಹಾಗಾಗಿ ಹಸಿರು ಬಲೆಯ ಕೆಳಗೆ ಮೀಟರ್ ತೋರಿಸೋದು ಗಿಡಕ್ಕೆ ಸಿಗುವುದಕ್ಕಿಂತ ಜಾಸ್ತಿ. ಕಪ್ಪು ಬಲೆ ಎಲ್ಲ ಬಣ್ಣವನ್ನೂ ಸಮನಾಗಿ ಕಡಿಮೆ ಮಾಡುತ್ತೆ, ಬಿಳಿ ಬಲೆ ಬೆಳಕನ್ನು ಚದುರಿಸಿ ಕೆಳಗಿನ ಎಲೆಗಳಿಗೂ ಮುಟ್ಟಿಸುತ್ತೆ. ಹಸಿರೇ ಎಲ್ಲೆಡೆ ಕಾಣೋದಕ್ಕೆ ಕಾರಣ ನಮ್ಮ ಕಣ್ಣಿನ ಇಷ್ಟ ಅಂತ ನಮ್ಮ ಅನುಮಾನ. ಕಟ್ಟಡದ ಸೈಟಿನಲ್ಲಿ ಕಟ್ಟುವ ಹಸಿರು ಬಲೆಯನ್ನು ತಂದು ಗಿಡದ ಮೇಲೆ ಹಾಕೋದು ಬೇರೆಯೇ ವಿಷಯ. ಅದು ಧೂಳು, ಇಟ್ಟಿಗೆ ಚೂರು ತಡೆಯೋಕೆ ಮಾಡಿದ್ದು. ನೆರಳು ಬಲೆಗೆ ಭಾರತೀಯ ಮಾನದಂಡವೇ ಇದೆ, ಐಎಸ್ 16008. ಕೊಳ್ಳುವಾಗ ಅದನ್ನು ಕೇಳಿ.

ಬಲೆಯನ್ನು ಗಿಡದ ತಲೆಗೆ ತಾಗಿಸಿ ಕಟ್ಟಬೇಡಿ. ಕಪ್ಪು ಬಲೆ ಹೀರಿದ ಶಾಖ ಮೇಲಿನಿಂದಲೇ ಗಾಳಿಯಲ್ಲಿ ಹೋಗಬೇಕು, ಅದಕ್ಕೆ ಎತ್ತರ ಬೇಕು.

ಹುಳಕ್ಕೆ ಕಣ್ಣಿನ ಅಳತೆ

ಕೀಟ ಬಲೆಯಲ್ಲಿ ಮೆಶ್ ಅಂದರೆ ಒಂದು ಇಂಚಿಗೆ ಎಷ್ಟು ಎಳೆ ಅನ್ನೋ ಲೆಕ್ಕ. 50 ಮೆಶ್ ಅಂದರೆ ಎಳೆಯಿಂದ ಎಳೆಗೆ ಅರ್ಧ ಮಿಲಿಮೀಟರ್. ಎಳೆಯ ದಪ್ಪ ಕಾಲು ಮಿಲಿಮೀಟರ್ ಕಳೆದರೆ ಉಳಿಯೋ ಕಣ್ಣು ಕಾಲು ಮಿಲಿಮೀಟರ್ ಚಿಲ್ಲರೆ. ಬಿಳಿನೊಣದ ಮೈ ಅಗಲವೂ ಹೆಚ್ಚು ಕಡಿಮೆ ಅಷ್ಟೇ, ಅದಕ್ಕೇ ಬಿಳಿನೊಣಕ್ಕೆ 50 ಮೆಶ್ ಅಂತಾರೆ. ಟೊಮೆಟೊಗೆ ಎಲೆಮುರುಟು ವೈರಸ್ ತರೋದು ಈ ನೊಣವೇ. ಥ್ರಿಪ್ಸ್ ಇನ್ನೂ ಸಣ್ಣ, ಈ ಬಲೆಯಲ್ಲಿ ನುಸುಳುತ್ತೆ.

ಹಾಗಾದರೆ ಇನ್ನೂ ಸಣ್ಣ ಕಣ್ಣಿನ ಬಲೆ ತರೋಣ ಅಂತ ಅನ್ನೋ ಮುಂಚೆ ಇನ್ನೊಂದು ಗುಣಾಕಾರ. ಚೌಕದ ಕಣ್ಣು ಅಂತ ಇಟ್ಟುಕೊಂಡರೆ, 0.27 ಭಾಗಿಸು 0.51, ಅದರ ವರ್ಗ 0.28. ಅಂದರೆ ಬಲೆಯಲ್ಲಿ ತೆರೆದ ಜಾಗ ಶೇ. 28 ಮಾತ್ರ, ಮಿಕ್ಕಿದ್ದೆಲ್ಲ ಎಳೆ. ಗಾಳಿಗೆ ಅಷ್ಟೇ ದಾರಿ. ಮೆಶ್ ಏರಿದಷ್ಟೂ ಹುಳ ಕಡಿಮೆ, ಒಳಗಿನ ಸೆಕೆ ಜಾಸ್ತಿ, ತೇವ ಜಾಸ್ತಿ, ತೇವ ಇದ್ದಲ್ಲಿ ಬೂಷ್ಟು ರೋಗ. ಇದೇ ಕಾರಣಕ್ಕೆ ನೆಟ್‌ಹೌಸುಗಳನ್ನು ಎತ್ತರವಾಗಿ ಕಟ್ಟೋದು. ಇನ್ನು ಕೆಲವು ಸಮಸ್ಯೆಗಳಿಗೆ ಬಟ್ಟೆ ಉತ್ತರವೇ ಅಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಟೊಮೆಟೊ ತಳಿಗೆ ಎಲೆಮುರುಟು ವೈರಸ್ಸನ್ನು ತಡೆಯುವ ಗುಣ ಬೀಜದಲ್ಲೇ ಇದೆ. ಅಂಥ ಕಡೆ ಬಲೆಗೆ ಹಾಕುವ ದುಡ್ಡು ಉಳಿಯಿತು.

ಈಚೆಗೆ ಕಲ್ಲಂಗಡಿ, ಮೆಣಸಿನ ಸಾಲುಗಳ ಮೇಲೆ ಬಿಳಿ ಸುರಂಗದ ಹಾಗೆ ಕಾಣುವ ಕ್ರಾಪ್ ಕವರ್ ಬಂದಿದೆ. ನೇಯದ, ಎಳೆಗಳನ್ನು ಬಿಸಿಯಲ್ಲಿ ಒತ್ತಿ ಅಂಟಿಸಿದ ಪಾಲಿಪ್ರೊಪಿಲೀನ್ ಬಟ್ಟೆ, 17ರಿಂದ 20 ಜಿಎಸ್‌ಎಂ. ಜಿಎಸ್‌ಎಂ ಅಂದರೆ ಚದರ ಮೀಟರಿಗೆ ಎಷ್ಟು ಗ್ರಾಂ. ಮದುವೆಮನೆಯಲ್ಲಿ ತಾಂಬೂಲ ಕೊಡುವ 'ಬಟ್ಟೆ ಚೀಲ'ವೂ ಇದೇ ಪಾಲಿಪ್ರೊಪಿಲೀನ್, ಬಟ್ಟೆಯಲ್ಲ. ಅಂಥ ಚೀಲ 60 ಜಿಎಸ್‌ಎಂಗಿಂತ ತೆಳುವಿರಬಾರದು ಅಂತ 2021ರ ಸೆಪ್ಟೆಂಬರ್ 30ರಿಂದ ದೇಶದಲ್ಲಿ ನಿಯಮವಿದೆ. ಅದರ ಮೂರನೇ ಒಂದು ಪಾಲಿನ ತೂಕದ ಬಟ್ಟೆ ಗಿಡದ ಮೇಲೆ ಕೂತಿದೆ ಅಂದರೆ ಎಷ್ಟು ಹಗುರ ಅಂತ ಅಂದಾಜು ಮಾಡಿ. ಬೆಳಕು, ನೀರು ಎರಡನ್ನೂ ಬಿಡುತ್ತೆ, ಹುಳವನ್ನು ತಡೆಯುತ್ತೆ.

ಈ ಬಟ್ಟೆಯ ಬಗ್ಗೆ ಇಂಟರ್‌ನೆಟ್ಟಿನಲ್ಲಿ ಸಿಗುವ ವಿಡಿಯೋಗಳಲ್ಲಿ ಬಹಳಷ್ಟು ಚಳಿದೇಶಗಳದ್ದು. ಅಲ್ಲಿ ಇದು ಹಿಮದಿಂದ ಗಿಡ ಕಾಯುವ ಕಂಬಳಿ, ಒಳಗೆ ಬೆಚ್ಚಗಿರೋದೇ ಅದರ ಗುಣ. ನಮ್ಮಲ್ಲಿ ಅದೇ ಅವಗುಣ. ಹುಳಕ್ಕೆಂದು ಹಾಕಿದ ಬಟ್ಟೆ ಮಾರ್ಚ್ ದಾಟಿದ ಮೇಲೆ ಒಳಗೆ ಸೆಕೆ ಕೂಡಿಸುತ್ತೆ. ಕಲ್ಲಂಗಡಿ, ಸೌತೆ, ಕುಂಬಳಕ್ಕಾದರೆ ಇನ್ನೊಂದು ಗಡುವು ಇದೆ. ಹೆಣ್ಣು ಹೂ ಬಿಟ್ಟ ದಿನ ಬಟ್ಟೆ ತೆಗೆಯಲೇಬೇಕು. ಜೇನು ಒಳಗೆ ಬರದಿದ್ದರೆ ಕಾಯಿಯೇ ಇಲ್ಲ. ಮೊದಲ ಕೆಲವು ವಾರ ವೈರಸ್ ತಾಗದೆ ಗಿಡ ಬಲಿತರೆ ಈ ಬಟ್ಟೆಯ ಕೆಲಸ ಮುಗಿದ ಹಾಗೆ.

ನಮ್ಮವರ ಹಳೆಯ ಹೊದಿಕೆಗಳು

ಗಿಡ ಮುಚ್ಚೋದು, ಮಣ್ಣು ಮುಚ್ಚೋದು ಪ್ಲಾಸ್ಟಿಕ್ ಜೊತೆ ಬಂದ ವಿದ್ಯೆಯಲ್ಲ. ಉತ್ತರ ಕನ್ನಡದ ಅಡಿಕೆ ತೋಟಗಳಿಗೆ ಸೊಪ್ಪಿನ ಬೆಟ್ಟದಿಂದ ಸೊಪ್ಪು ತಂದು ಹಾಸೋದು ತಲೆಮಾರುಗಳ ಪದ್ಧತಿ. ಮಲೆನಾಡಿನಲ್ಲಿ ಕೊಳೆರೋಗದಿಂದ ಕಾಪಾಡಲು ಅಡಿಕೆ ಗೊನೆಗೆ ಕೊಟ್ಟೆ ಕಟ್ಟುತ್ತಿದ್ದರು. ಮಳೆ ತಡೆದರೆ ಸಾಕು, ರೋಗ ತಾನಾಗಿ ನಿಲ್ಲುತ್ತೆ ಅನ್ನೋ ಸರಿಯಾದ ಲೆಕ್ಕ ಅದು. ಬೋರ್ಡೋ ದ್ರಾವಣ ಬಂದ ಮೇಲೆ ಕೊಟ್ಟೆ ಹಿಂದೆ ಸರಿಯಿತು. ಬಯಲುಸೀಮೆಯಲ್ಲಿ ಹೊಲದ ಸುತ್ತ ಕಟ್ಟಿದ ಹಳೇ ಸೀರೆಗಳನ್ನು ನೀವೂ ನೋಡಿರುತ್ತೀರಿ, ಹಂದಿ ಹೆದರಿಸೋಕೆ.

ಭತ್ತದ ಹುಲ್ಲು, ಕಬ್ಬಿನ ತರಗು, ತೆಂಗಿನ ಗರಿ, ಯಾವುದಾದರೂ 5ರಿಂದ 10 ಸೆಂಟಿಮೀಟರ್ ದಪ್ಪಕ್ಕೆ ಹಾಸಿದರೆ ಕಳೆಯೂ ಕಡಿಮೆ, ಆವಿಯೂ ಕಡಿಮೆ, ಮಳೆಯೂ ಒಳಗಿಳಿಯುತ್ತೆ. ಎತ್ತುವ ದಿನ ಅನ್ನೋದೇ ಇಲ್ಲ. ಒಣಭೂಮಿಯಲ್ಲಿ ಗೆದ್ದಲು ಬರಬಹುದು, ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಡಿ. ತಾರಸಿಯ ಕುಂಡಕ್ಕೆ ಇದಕ್ಕಿಂತ ಒಳ್ಳೇದು ನಮಗೆ ಕಾಣಲ್ಲ. ಕ್ಯಾಂಪಸ್ಸಿನಲ್ಲಿ ಗುಡಿಸಿ ಸುಡುವ ಎಲೆಯೇ ಸಾಕು.

ಸಿವಿಲ್‌ನವರಿಗೆ ಸೆಣಬಿನ ಜಿಯೋಟೆಕ್ಸ್‌ಟೈಲ್ ಗೊತ್ತಿರುತ್ತೆ. ಇಳಿಜಾರಿನ ಮಣ್ಣು ಹಿಡಿಯೋಕೆ ಹಾಸಿ, ಹುಲ್ಲು ಬೇರೂರುವ ಹೊತ್ತಿಗೆ ಅದೇ ಕೊಳೆತು ಮಣ್ಣಾಗುತ್ತೆ. ತೆಂಗಿನ ನಾರಿನದು ಇನ್ನೂ ಹೆಚ್ಚು ಕಾಲ ಬರುತ್ತೆ, ಅದರಲ್ಲಿ ಲಿಗ್ನಿನ್ ಜಾಸ್ತಿ. ನರ್ಸರಿಯ ನೆಲಕ್ಕೆ ಹಾಸುವ ಕಪ್ಪು ನೇಯ್ದ ವೀಡ್ ಮ್ಯಾಟ್ ನೀರು ಬಿಡುತ್ತೆ, ಕಳೆ ತಡೆಯುತ್ತೆ, ಓಡಾಡುವ ಜಾಗಕ್ಕೆ ಸರಿ. ಅದನ್ನೇ ಹೂಗಿಡದ ಮಡಿಗೆ ಹಾಸಿ ಮೇಲೆ ಜಲ್ಲಿ ಸುರಿದರೆ ಎರಡು ಮೂರು ವರ್ಷದಲ್ಲಿ ಜಲ್ಲಿಯ ನಡುವೆ ಧೂಳು ಕೂತು, ಕಳೆ ಮೇಲಿನಿಂದ ಹುಟ್ಟಿ, ಬೇರು ಬಟ್ಟೆಯೊಳಗೆ ಹೆಣೆದುಕೊಳ್ಳುತ್ತೆ. ಆಮೇಲೆ ಕಳೆ ಕಿತ್ತರೆ ಬಟ್ಟೆ ಬರುತ್ತೆ, ಬಟ್ಟೆ ಕಿತ್ತರೆ ಗಿಡ ಬರುತ್ತೆ.

ಖಾಲಿ ಗೊಬ್ಬರದ ಚೀಲ ಬಿಚ್ಚಿ ಹಾಸುವವರಿದ್ದಾರೆ, ಪುಕ್ಕಟೆ ಸಿಗುತ್ತಲ್ಲ ಅಂತ. ಅದೂ ಪಾಲಿಪ್ರೊಪಿಲೀನ್. ಹೊರಗೆ ವರ್ಷಗಟ್ಟಲೆ ಇರಲಿ ಅಂತ ಮಾಡಿದ್ದಲ್ಲ. ಅಲ್ಟ್ರಾವಯಲೆಟ್ ಬಿಸಿಲು ಪಾಲಿಮರ್ ಸರಪಳಿಯನ್ನು ತುಂಡು ಮಾಡುತ್ತೆ, ಕೆಲವೇ ತಿಂಗಳಲ್ಲಿ ಕೈಯಲ್ಲಿ ಹಿಡಿದರೆ ಪುಡಿಪುಡಿ, ಗಾಳಿಗೆ ಎಳೆ ಎಳೆಯಾಗಿ ಹಾರುತ್ತೆ. ಕೃಷಿಗೆಂದೇ ಮಾಡಿದ ಬಲೆ, ಬಟ್ಟೆಗಳಲ್ಲಿ ಇದನ್ನು ತಡೆಯುವ ರಾಸಾಯನಿಕ ಬೆರೆಸಿರುತ್ತಾರೆ. "ಯುವಿ ಸ್ಟೆಬಿಲೈಸ್ಡ್" ಅಂತ ಬರೆದಿರೋದು ಅದನ್ನೇ, ಜೊತೆಗೆ ಎಷ್ಟು ವರ್ಷ ಅಂತಲೂ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಬೂದಿರೋಗಕ್ಕೆ ಸಿಂಪಡಿಸುವ ಗಂಧಕ ಈ ರಾಸಾಯನಿಕದ ಶಕ್ತಿಯನ್ನು ಕುಗ್ಗಿಸುತ್ತೆ, ಹಾಗಾಗಿ ಗಂಧಕ ಹೊಡೆಯುವ ದಿನ ಬಲೆಯನ್ನು ಸರಿಸಿ ಇಡೋದು ಒಳ್ಳೇದು. ತಂತಿಗೆ ಕಟ್ಟಿದ ಕಡೆಯೇ ಬಲೆ ಮೊದಲು ಹರಿಯೋದು. ಬಿಸಿಲಲ್ಲಿ ಕಾದ ಕಬ್ಬಿಣ ಅಲ್ಲಿ ತಾಗುತ್ತಿರುತ್ತೆ. ತಂತಿಯ ಮೇಲೆ ಹಳೇ ಡ್ರಿಪ್ ಪೈಪನ್ನು ಸೀಳಿ ತೊಡಿಸಿದರೆ ಸಾಕು. ಮಳೆಗಾಲಕ್ಕೆ ಬಿಚ್ಚಿದ ಬಲೆಯನ್ನು ಚೆನ್ನಾಗಿ ಒಣಗಿಸಿ, ಮಡಚದೆ ಸುರುಳಿ ಸುತ್ತಿ, ಇಲಿ ಸಿಗದ ಎತ್ತರದಲ್ಲಿ ತೂಗುಹಾಕಿ.